ಮೊದಲು ಒಣ ಬಟ್ಟೆ, ಆಮೇಲೆ ಬೆಂಕಿ

ಕಡಲ ಬದಿಯ ಅಂಕೋಲಾ, ಭಾವಿಕೇರಿ ಕಡೆ ಚಳಿ ಎಲ್ಲಿದೆ ಎನ್ನಬೇಡಿ. ಡಿಸೆಂಬರ್‌ನಲ್ಲೂ ಇಲ್ಲಿ ಹಗಲು ಬೆವರುತ್ತದೆ ನಿಜ. ಆದರೆ ಸಂಜೆ ನೀರಿಗಿಳಿದು, ಅದೇ ಒದ್ದೆ ಜೀನ್ಸ್‌ನಲ್ಲಿ ಡೇರೆ ಹಾಕಿ ಮಲಗುವ ಹುಡುಗರಿಗೆ ಬೆಳಗಿನ ಜಾವದ ಗಾಳಿ ಬೇರೆಯೇ ಪಾಠ ಹೇಳುತ್ತದೆ.

ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಒಳಮೈ 35ಕ್ಕಿಂತ ಕೆಳಗಿಳಿದರೆ ಅದೇ ಹೈಪೋಥರ್ಮಿಯಾ. ಮರಗಟ್ಟುವ ಚಳಿಯೇ ಬೇಕೆಂದಿಲ್ಲ. ಒದ್ದೆ ಮೈ, ಬೀಸುಗಾಳಿ, ಖಾಲಿ ಹೊಟ್ಟೆ ಸೇರಿದರೆ ಸಾಕು.

ಗುಂಪಿನಲ್ಲಿ ಯಾರಾದರೂ ನಡುಗುತ್ತಿದ್ದರೆ ಮೊದಲು ಗಾಳಿಯ ಮರೆಗೆ ಕರೆತನ್ನಿ. ಒದ್ದೆ ಬಟ್ಟೆ ತೆಗೆಸಿ, ಮೈ ಒರೆಸಿ, ಒಣ ಬಟ್ಟೆ ಹಾಕಿಸಿ. ತಲೆಗೂ ಏನಾದರೂ ಸುತ್ತಿ. ಮೇಲೆ ಎರಡು ಕಂಬಳಿ ಹೊದಿಸಿ, ಕೆಳಗೆ ಬರೀ ಮರಳು ಬಿಟ್ಟರೆ ಪ್ರಯೋಜನವಿಲ್ಲ. ಚಾಪೆ, ಒಣಹುಲ್ಲು ಏನಾದರೂ ಹಾಸಿ. ಎಚ್ಚರವಿದ್ದರೆ ಬಿಸಿ ಸಿಹಿ ಚಹಾ, ಗಂಜಿ ಕೊಡಿ. ಕೈಕಾಲು ತಿಕ್ಕಬೇಡಿ. ಮದ್ಯದಿಂದ ಮೈ ಬಿಸಿಯಾಗುತ್ತದೆ ಎಂಬುದು ಸುಳ್ಳು. ಅದರಿಂದ ಒಳಗಿನ ಬಿಸಿ ಇನ್ನೂ ಬೇಗ ಹೋಗುತ್ತದೆ.

ಬೆಂಕಿ ಹೊರಗೇ ಇರಲಿ. ಡೇರೆಯೊಳಗೆ ಕೆಂಡ ಇಟ್ಟರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯಬಹುದು.

"ನಡುಕ ನಿಂತಿತಲ್ಲ, ಸರಿಯಾದ" ಅಂತ ಬಿಟ್ಟುಬಿಡಬೇಡಿ. ನಡುಕ ನಿಂತು ಮಾತು ತೊದಲಿದರೆ, ಮಂಕು ಕವಿದರೆ ಅದು ಅಪಾಯದ ಗುರುತು. ಕೂಡಲೇ 108ಕ್ಕೆ ಕರೆ ಮಾಡಿ.

ಹೊರಡುವಾಗ ಒಬ್ಬೊಬ್ಬರೂ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಮಲಗುವ ತನಕ ಅದನ್ನು ಬಿಚ್ಚಬೇಡಿ.