ಒತ್ತಿ ಹಿಡಿದ ಕೈ, ಆಮೇಲೆ ಮದ್ದು

ಜಯಪುರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವಾಗ ಯಾರದಾದರೂ ಬೆರಳು ಮೆಟ್ಟುಗತ್ತಿಗೆ ಸಿಕ್ಕರೆ ಅಮ್ಮ ಕಾಫಿಪುಡಿ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿ, ಬಿಗಿಯಾಗಿ ಹಿಡಿದುಕೊಂಡು ಕೂರುತ್ತಿದ್ದಳು. ರಕ್ತ ನಿಲ್ಲುತ್ತಿದ್ದದ್ದು ಪುಡಿಯಿಂದಲ್ಲ, ಆ ಹಿಡಿತದಿಂದ ಎಂದು ಗೊತ್ತಾಗಿದ್ದು ನಾನು ನರ್ಸಾಗಿ ಆಪರೇಷನ್ ಥಿಯೇಟರ್ ಸೇರಿದ ಮೇಲೆ. ಪುಡಿ ಹಾಕಬೇಡಿ, ಗಾಯ ಕೀವಾಗುತ್ತದೆ.

ಇಪ್ಪತ್ತೆಂಟು ವರ್ಷ ಸರ್ಜನ್ನರ ಪಕ್ಕದಲ್ಲಿ ನಿಂತಿದ್ದೇನೆ. ಅಲ್ಲೂ ಮೊದಲು ಒತ್ತಿ ಹಿಡಿಯುವುದೇ. ರಕ್ತನಾಳ ಕಣ್ಣಿಗೆ ಕಂಡರೆ ದಾರದಿಂದ ಕಟ್ಟುತ್ತಾರೆ, ಇಲ್ಲವೇ ಕರೆಂಟಿನಿಂದ ಸುಡುತ್ತಾರೆ. ಈ ಸುಡುವ ಉಪಾಯ ರೂಢಿಗೆ ಬಂದದ್ದು 1926ರಲ್ಲಿ ಬಾಸ್ಟನ್ನಿನ ಹಾರ್ವೆ ಕುಶಿಂಗ್ ಮೆದುಳಿನ ಗೆಡ್ಡೆ ತೆಗೆಯಲು ಅದನ್ನು ಬಳಸಿದ ಮೇಲೆ. ಕಷ್ಟ ಬರುವುದು, ಮಳೆಗಾಲದ ಮಣ್ಣುಗೋಡೆಯ ಹಾಗೆ ಇಡೀ ಜಾಗವೇ ಜಿನುಗುವಾಗ. ಆಗ 'ಏನು ಹಾಕೋಣ' ಎಂಬ ಪ್ರಶ್ನೆ ಏಳುತ್ತದೆ.

ಸೆಲ್ಯುಲೋಸಿನ ಬಿಳಿ ಜಾಳುಬಟ್ಟೆ ರಕ್ತ ತಾಗಿದ್ದೇ ಕಪ್ಪಾಗಿ ಅಂಟಿಕೊಳ್ಳುತ್ತದೆ. ಲಿವರಿನ ಮೇಲಿನ ಜಿನುಗಿಗೆ ಒಳ್ಳೆಯದು. ಆದರೆ ಅದಕ್ಕೆ ಆಮ್ಲದ ಗುಣವಿದೆ, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ನನ್ನು ಅದರ ಮೇಲೆ ಸುರಿದರೆ ಥ್ರಾಂಬಿನ್ ಕೆಡುತ್ತದೆ. ಜೆಲಟಿನ್ ಸ್ಪಂಜನ್ನು ನಾನು ಸಲೈನಿನಲ್ಲಿ ಅದ್ದಿ, ಗಾಳಿಗುಳ್ಳೆ ಹೋಗುವಂತೆ ಹಿಂಡಿ ಕೊಡುತ್ತಿದ್ದೆ. ಅದು ಉಬ್ಬುವ ವಸ್ತು. ಬೆನ್ನುಹುರಿಯ ಪಕ್ಕದ ಇಕ್ಕಟ್ಟಿನಲ್ಲಿ ಉಳಿದರೆ ನರವನ್ನೇ ಒತ್ತೀತು, ಹಾಗಾಗಿ ರಕ್ತ ನಿಂತ ಮೇಲೆ ತೆಗೆಯಬೇಕು. ಎಲುಬಿಗೆ ಮೆತ್ತುವ ಜೇನುಮೇಣ ಕರಗುವುದಿಲ್ಲ, ಎಲುಬು ಕೂಡಲೂ ತಡೆ, ಚಿಟಿಕೆಯಷ್ಟು ಸಾಕು. ಮನುಷ್ಯರ ಪ್ಲಾಸ್ಮಾದಿಂದ ಮಾಡಿದ ಫೈಬ್ರಿನ್ ಅಂಟು ದುಬಾರಿ. ದುಬಾರಿಯಾದದ್ದೇ ಮೇಲು ಎಂದು ರೋಗಿಯ ಮನೆಯವರು ನಂಬುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಯಾವ ಜಾಗ, ಎಷ್ಟು ರಕ್ತ, ರೋಗಿಯ ರಕ್ತ ತಾನಾಗಿ ಹೆಪ್ಪುಗಟ್ಟುತ್ತದೆಯೇ ಎಂಬುದರ ಮೇಲೆ ಆಯ್ಕೆ ನಿಂತಿದೆ.

ದುಬಾರಿಯಾದದ್ದಲ್ಲ, ಸಂದರ್ಭಕ್ಕೆ ಹೊಂದುವುದೇ ಮೇಲು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಹೆರಿಗೆಯ ರಕ್ತಸ್ರಾವಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಒಳ್ಳೆಯದು, ಆದರೆ ಅದನ್ನು ತಂಪಿನಲ್ಲಿಡಬೇಕು. ಆಷಾಢದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲದ ನಮ್ಮಂಥ ಊರುಗಳ ಗತಿ? ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಮಾತ್ರೆ ಸಿಗದವರಲ್ಲಿ ಶೇ. 12ರಷ್ಟು ಮಂದಿಗೆ ಅತಿಸ್ರಾವವಾದರೆ ಮಾತ್ರೆ ನುಂಗಿದವರಲ್ಲಿ ಶೇ. 6.4. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಫ್ರಿಜ್ಜು ಬೇಡದ ಒಂದು ಮಾತ್ರೆ!

ನಿಮ್ಮಿಂದಾಗುವ ಕೆಲಸವೂ ಇದೆ. ಆಪರೇಷನ್ನಿಗೆ ಮುಂಚೆ ಡಾಕ್ಟರ ಹತ್ತಿರ ಹೋಗುವಾಗ, ದಿನಾ ನುಂಗುವ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇದ್ದರೆ ತೋರಿಸಿ, ನೀವಾಗಿ ನಿಲ್ಲಿಸಬೇಡಿ. ಜೆಲಟಿನ್ ಹಂದಿ, ದನದಿಂದ ಬರುತ್ತದೆ, ಬೇಡವೆನಿಸಿದರೆ ಅಳುಕದೆ ಹೇಳಿ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಒದ್ದಾಡಿದವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ? ಅದನ್ನಂತೂ ಮರೆಯದೆ ಹೇಳಿ.