ಬಿಲ್ ಸರ್ಕಾರ ಕಟ್ಟಿತು, ಮನೆಗೆ ಜೋಳ ತರೋರು ಯಾರು?

ಆಪರೇಷನ್ ಆದವರನ್ನು ನೋಡೋಕೆ ಹೋದಾಗ ನಾವೆಲ್ಲ ಮೊದಲು ಕೇಳೋದು, ‘ಎಷ್ಟು ಖರ್ಚಾಯ್ತು?’ ಅಂತ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಸರಿ, ಬಿಲ್ ಮುಗೀತು. ಆದರೆ ಡಿಸ್ಚಾರ್ಜ್ ಚೀಟಿಯ ಕೊನೆಗೆ ಡಾಕ್ಟರ್ ‘ಮೂರು ತಿಂಗಳು ಭಾರ ಎತ್ತಬೇಡಿ’ ಅಂತ ಬರೀತಾರಲ್ಲ, ಆ ಒಂದು ಸಾಲಿನ ಬಿಲ್ ಕಟ್ಟೋರು ಯಾರು? ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೆ ಹೋಗಿ ಈ ಸಾಲು ಓದಿ ಹೇಳಿ ನೋಡೋಣ.

ಇದಕ್ಕೆ ನಮ್ಮ ದೇಶದಲ್ಲಿ ಉತ್ತರ ಇಲ್ಲವೇ ಇಲ್ಲ ಅಂತೇನಿಲ್ಲ. 1948ರಲ್ಲೇ ಬಂದ ಇಎಸ್‌ಐ ಕಾಯ್ದೆ ಬರೀ ಔಷಧಿ ಕೊಡೋಕೆ ಹುಟ್ಟಿದ್ದಲ್ಲ, ದುಡಿಯೋಕಾಗದ ದಿನಗಳ ಕೂಲಿಗೂ ಅದರಲ್ಲಿ ಜಾಗ ಇಟ್ಟಿದ್ದಾರೆ. ಕಾಯಿಲೆ ಭತ್ಯೆ ಅಂತ ಕರೆಯೋಣ. ತಿಂಗಳ ಸಂಬಳ 21,000 ರೂಪಾಯಿ ದಾಟದ, 10 ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯ ನೌಕರರು ಇದರೊಳಗೆ ಬರ್ತಾರೆ. 2019ರ ಜುಲೈನಿಂದ ನೌಕರನ ಪಾಲು ಶೇ 0.75, ಮಾಲೀಕನ ಪಾಲು ಶೇ 3.25.

ನಾನು ಓದಿದ್ದು ಎಂಜಿನಿಯರಿಂಗ್, ಲೆಕ್ಕ ಹಾಕದೆ ಬಿಡೋದು ಕಷ್ಟ. ದಿನಕ್ಕೆ ಸರಾಸರಿ 500 ರೂಪಾಯಿ ದುಡಿಯೋರು ಅಂತಿಟ್ಟುಕೊಳ್ಳಿ. ಭತ್ಯೆ ಅದರ ಶೇ 70, ಅಂದ್ರೆ ದಿನಕ್ಕೆ 350 ರೂಪಾಯಿ. ವರ್ಷಕ್ಕೆ ಹೆಚ್ಚೆಂದರೆ 91 ದಿನ. ಒಟ್ಟು 31,850 ರೂಪಾಯಿ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಕ್ಯಾನ್ಸರ್, ಕ್ಷಯ, ಕಿಡ್ನಿ ವೈಫಲ್ಯದಂಥ 34 ದೀರ್ಘ ಕಾಯಿಲೆಗಳ ಪಟ್ಟಿ ಬೇರೆ ಇದೆ. ಎರಡು ವರ್ಷ ಸತತವಾಗಿ ಕೆಲಸದಲ್ಲಿದ್ದು ವಂತಿಗೆ ಕಟ್ಟಿದವರಿಗೆ ಅಲ್ಲಿ ಶೇ 80ರಂತೆ, ಎರಡು ವರ್ಷದವರೆಗೂ ಸಿಗುವ ಅವಕಾಶ ಇದೆ.

ಎಡವೋದು ಎಲ್ಲಿ ಗೊತ್ತಾ? 78 ದಿನದ ಹತ್ತಿರ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ 78 ದಿನದ ವಂತಿಗೆ ಜಮಾ ಆಗಿದ್ದರೆ, ಅದರ ಹಕ್ಕು ಸಿಗೋದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ದುಡಿಮೆಯದು ಜುಲೈನಿಂದ ಡಿಸೆಂಬರ್‌ಗೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂಬತ್ತು ತಿಂಗಳು ಕಳೆಯಬೇಕು. ಹೊಟ್ಟೆನೋವು ಈ ಕ್ಯಾಲೆಂಡರ್ ನೋಡಿಕೊಂಡು ಬರುತ್ತಾ ಸ್ವಾಮಿ?

ಇನ್ನು ಚೀಟಿ. ಖಾಸಗಿ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಒಂದನ್ನೇ ಹಿಡಿದುಕೊಂಡು ಹೋದರೆ ಸಾಲದು, ‘ಇವರಿಗೆ ಕೆಲಸ ಮಾಡೋಕಾಗಲ್ಲ’ ಅನ್ನೋ ಪ್ರಮಾಣಪತ್ರಕ್ಕೆ ಇಎಸ್‌ಐ ವೈದ್ಯರ ಒಪ್ಪಿಗೆ ಬೇಕು. ಅದನ್ನು ಆಗಾಗ ಮುಂದುವರಿಸುತ್ತಲೂ ಇರಬೇಕು. ಇಎಸ್‌ಐ ಆಸ್ಪತ್ರೆ ಅಂದ್ರೆ ನಮ್ಮವರು ಒಂದೋ ಹುಬ್ಬಳ್ಳಿಗೆ, ಇಲ್ಲಾ ದಾವಣಗೆರೆಗೆ ಬಸ್ ಹತ್ತಬೇಕು, ಅದೂ ಹೊಲಿಗೆ ಇನ್ನೂ ಹಸಿಯಿರುವಾಗ. ಭತ್ಯೆ ತಗೊಳ್ಳೋ ದಿನ ಬೇರೆ ಕಡೆ ಕೂಲಿಗೆ ಹೋಗುವಂತಿಲ್ಲ, ಹೋದರೆ ಆ ದಿನದ್ದು ಹೋಯ್ತು. ಅದೇ ಹೊತ್ತಿಗೆ, ಹೀಗೆ ಭತ್ಯೆಯ ಮೇಲಿರುವವರನ್ನು ಮಾಲೀಕ ಕೆಲಸದಿಂದ ತೆಗೆಯುವಂತೆಯೂ ಇಲ್ಲ. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ, ಮಾಲೀಕರು ತಾವಾಗಿ ಹೇಳುವ ಮಾತಲ್ಲ ಇದು.

ಇಷ್ಟೆಲ್ಲ ಇದ್ದೂ ಹಾವೇರಿ ಜಿಲ್ಲೆಯ ಬಹುಪಾಲು ಕೂಲಿಕಾರರು ಈ ಬಾಗಿಲಿನ ಹೊರಗೇ ನಿಂತಿದ್ದಾರೆ. ವರ್ಷದ ಕೆಲವೇ ತಿಂಗಳು ನಡೆಯುವ ಹತ್ತಿ ಜಿನ್ನಿಂಗ್ ಮಿಲ್ಲನ್ನು ಕಾಯ್ದೆಯೇ ‘ಹಂಗಾಮಿನ ಕಾರ್ಖಾನೆ’ ಅಂತ ಹೊರಗಿಟ್ಟಿತು. ಹತ್ತಿ ಬೆಳೆಯುವ ಜಿಲ್ಲೆಗೆ ಈ ಒಂದು ಪದ ಎಷ್ಟು ದುಬಾರಿ ನೋಡಿ! ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕದ ಕೂಲಿ, ಹಾಜರಿ ಪುಸ್ತಕ ಎಲ್ಲಿಂದ ಬರಬೇಕು?

ರಾಣೇಬೆನ್ನೂರಿನದು ಇದಕ್ಕಿಂತ ಕಹಿ. ಅಲ್ಲಿನ ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ 2010ರ ನಂತರದ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶ ತೆಗೆದರು. ಅವರಲ್ಲಿ ತುಂಬಾ ಜನ ಲಂಬಾಣಿ ತಾಂಡಾಗಳ ಬಡವರು, ಹೊಲದ ಕೂಲಿ ನಂಬಿದವರು. ಬೇಡದಿದ್ದರೂ ಆಪರೇಷನ್ ಮಾಡಿದರು ಅನ್ನೋ ದೂರು, ತನಿಖೆ, ಧರಣಿ ಎಲ್ಲ ಆಯ್ತು. ಸೊಂಟನೋವು, ಸುಸ್ತು, ಮೊದಲಿನಂತೆ ಬಗ್ಗಿ ಕಳೆ ಕೀಳೋಕಾಗಲ್ಲ ಅಂತ ಹೇಳಿಕೊಂಡು ಪರಿಹಾರಕ್ಕಾಗಿ ಬೀದಿಗಿಳಿದರು. ಕಾರ್ಖಾನೆಯಲ್ಲಿದ್ದಿದ್ದರೆ ಇವರ ಪ್ರತಿ ದಿನಕ್ಕೂ ಒಂದು ಬೆಲೆ ಕಟ್ಟಿರುತ್ತಿತ್ತು. ಹೊಲದವರಿಗೆ ಅಂಥ ಲೆಕ್ಕದ ಕಾಲಮ್ಮೇ ಇಲ್ಲ. ಆಪರೇಷನ್ ಆದಮೇಲಿನ ವಿಶ್ರಾಂತಿಯೂ ಚಿಕಿತ್ಸೆಯ ಭಾಗ ಅಂತ ಒಪ್ಪೋದಾದರೆ, ಆಯುಷ್ಮಾನ್ ಬಿಲ್ಲಿನ ಜೊತೆಗೇ ವಿಶ್ರಾಂತಿಯ ದಿನಗಳ ಕೂಲಿಯನ್ನೂ ಸೇರಿಸಬೇಕು ಅನ್ನೋದು ನನ್ನ ವಾದ.

ಅಲ್ಲಿಯವರೆಗೆ, ಗುತ್ತಿಗೆದಾರನ ಕೈಕೆಳಗೆ ಕಾರ್ಖಾನೆಯಲ್ಲಿ ದುಡಿಯೋರು ಒಂದು ಕೆಲಸ ಮಾಡಿ. ನಿಮ್ಮ 10 ಅಂಕಿಯ ಇಎಸ್‌ಐ ನಂಬರ್ ಕೇಳಿ, ವಂತಿಗೆ ಎಷ್ಟು ದಿನದ್ದು ಜಮಾ ಆಗಿದೆ ಅಂತ ಆನ್‌ಲೈನ್‌ನಲ್ಲಿ ನೋಡಿ. ಗುತ್ತಿಗೆದಾರ ಕಟ್ಟದಿದ್ದರೆ ಕಟ್ಟುವ ಹೊಣೆ ಕಾರ್ಖಾನೆಯ ಮಾಲೀಕನದೇ. ಆಸ್ಪತ್ರೆಗೆ ಸೇರಿದ ಮೇಲೆ ಹುಡುಕೋಕೆ ಹೊರಟರೆ ನಿಮ್ಮ ಬದಲು ಮನೆಯವರು ಕಚೇರಿ ಅಲೆಯಬೇಕಾಗುತ್ತೆ, ಅವರ ಕೂಲಿಯೂ ಹೋಗುತ್ತೆ.