ಮಾಯುವ ಗಾಯ, ಮಾಯದ ದಾಖಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಜಾರಿ ಬಿದ್ದವರಾಗಲಿ, ಅರಬೈಲು ಘಟ್ಟದ ತಿರುವಿನಲ್ಲಿ ವಾಹನ ಉರುಳಿ ಗಾಯಗೊಂಡವರಾಗಲಿ, ತಾಲೂಕು ಆಸ್ಪತ್ರೆಯ ಪ್ರಥಮ ಚಿಕಿತ್ಸೆಯ ನಂತರ ಹೆಚ್ಚಿನ ಆರೈಕೆಗೆ ದೂರದ ದೊಡ್ಡ ಊರುಗಳನ್ನೇ ನೆಚ್ಚಬೇಕಾಗುತ್ತದೆ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲೂಕಿನಲ್ಲಿ ಸವಣೂರಿನ ತರಕಾರಿ ವ್ಯಾಪಾರಿಗಳಿದ್ದ ಲಾರಿ ಕಂದಕಕ್ಕೆ ಉರುಳಿದಾಗಲೂ ಗಾಯಾಳುಗಳನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಸಾಗಿಸಲಾಗಿತ್ತು. ಅದೇ ತಾಲೂಕಿನ ಚಂದಗುಳಿಯಂಥ ಕಾಡಂಚಿನ ಊರಿನವರಿಗೆ ಈ ಹಾದಿ ಇನ್ನಷ್ಟು ದೂರ.

ಹಾದಿ ಸವೆಯುವಷ್ಟರಲ್ಲಿ ಗಾಯವೂ ಬದಲಾಗುತ್ತದೆ. ಏಟಿಗೆ ಚರ್ಮ ಹರಿಯದೆ ಒಳಗಿನ ಸಣ್ಣ ರಕ್ತನಾಳಗಳಷ್ಟೇ ಒಡೆದು ರಕ್ತ ಸುತ್ತಲಿನ ಅಂಗಾಂಶಕ್ಕೆ ಸೋರಿದರೆ ಅದನ್ನು ಜಜ್ಜುಗಾಯ ಎನ್ನುತ್ತಾರೆ. ಮೊದಲು ಕೆಂಪಗೆ ಕಂಡದ್ದು ಕ್ರಮೇಣ ನೀಲಿಗಟ್ಟಿ, ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆಯುತ್ತಾ ಹೋದಂತೆ ಬಿಲಿವರ್ಡಿನ್ ಎಂಬ ವರ್ಣದ್ರವ್ಯದಿಂದ ಹಸಿರಾಗಿ, ಬಿಲಿರುಬಿನ್‌ನಿಂದ ಹಳದಿಯಾಗಿ, ಸಾಮಾನ್ಯವಾಗಿ ಎರಡು ವಾರಗಳಲ್ಲಿ ಮಾಸಿಹೋಗುತ್ತದೆ. ವಯಸ್ಸು, ಮೈಬಣ್ಣ, ಏಟಿನ ಆಳಗಳಿಗೆ ತಕ್ಕಂತೆ ಈ ಗತಿ ಬೇರೆಯಾಗುವುದರಿಂದ ಬಣ್ಣವೊಂದನ್ನೇ ನೋಡಿ ಏಟು ಬಿದ್ದ ದಿನವನ್ನು ಖಚಿತವಾಗಿ ಹೇಳಲಾಗದು. ಆದ್ದರಿಂದಲೇ ವೈದ್ಯರು ಮೊದಲು ಕಂಡ ಗಳಿಗೆಯ ಟಿಪ್ಪಣಿಗೆ ಬೆಲೆ ಹೆಚ್ಚು.

ಕೆಲವು ಪೆಟ್ಟುಗಳು ಹೊರಗೆ ಕಾಣುವುದೇ ಇಲ್ಲ. ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಶೇಖರವಾಗುವ ಸ್ಥಿತಿಯಲ್ಲಿ, ಎಚ್ಚರ ತಪ್ಪಿದ್ದ ವ್ಯಕ್ತಿ ಚೇತರಿಸಿಕೊಂಡು ಮಾತಾಡಿ, ಕೆಲವು ಗಂಟೆಗಳ ಬಳಿಕ ಮತ್ತೆ ಪ್ರಜ್ಞೆ ಕಳೆದುಕೊಳ್ಳುವುದುಂಟು. ಮರದಿಂದ ಬಿದ್ದವರ ಬೆನ್ನುಮೂಳೆ ಮುರಿದಿದ್ದರೆ, ಅವಸರದಲ್ಲಿ ಎಬ್ಬಿಸಿ ಕೂರಿಸುವುದರಿಂದಲೇ ಬೆನ್ನುಹುರಿಗೆ ಹಾನಿಯಾಗಬಹುದಾದ್ದರಿಂದ, ಕುತ್ತಿಗೆ-ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಏನೂ ಆಗಿಲ್ಲವೆಂದು ಮನೆಗೆ ಮರಳಿ ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋದರೆ ಜೀವಕ್ಕೆ ಅಪಾಯ. ನೋವಿಗೂ ಅಪಘಾತಕ್ಕೂ ಇರುವ ನಂಟನ್ನು ಸಾಬೀತುಪಡಿಸುವುದೂ ಕಷ್ಟ.

ಅಪಘಾತದ ಗಾಯಾಳು ಬಂದಾಗ ಆಸ್ಪತ್ರೆ ಆ ಘಟನೆಯನ್ನು ಎಂಎಲ್‌ಸಿ, ಅಂದರೆ ಕಾನೂನು ಸಂಬಂಧಿತ ವೈದ್ಯಕೀಯ ಪ್ರಕರಣವೆಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತದೆ. ಬಳಿಕ ನೀಡುವ ಗಾಯ ಪ್ರಮಾಣಪತ್ರದಲ್ಲಿ ಪ್ರತಿ ಗಾಯವೂ ತರಚಿದ್ದೋ, ಜಜ್ಜಿದ್ದೋ, ಸೀಳಿದ್ದೋ ಎಂಬುದು, ಅದರ ಅಳತೆ, ಎಡಬಲ ಸಮೇತ ಅದಿರುವ ಜಾಗ ನಮೂದಾಗುತ್ತವೆ. ಮೂಳೆ ಮುರಿತ ಅಥವಾ ಕೀಲು ತಪ್ಪಿದ್ದು ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ತೀವ್ರ ಗಾಯವೆನಿಸುವುದರಿಂದ ಎಕ್ಸ್‌ರೇಯ ಒಂದು ಗೆರೆ ಪ್ರಕರಣದ ಸ್ವರೂಪವನ್ನೇ ಬದಲಿಸಬಲ್ಲದು. ಬಿದ್ದದ್ದು ಮರದಿಂದಲೋ ಬೈಕಿನಿಂದಲೋ ಎಂಬುದನ್ನು ಗಾಯಾಳುವಿನ ಕಡೆಯವರು ಮೊದಲ ಆಸ್ಪತ್ರೆಯಲ್ಲೇ ಸರಿಯಾಗಿ ಹೇಳಿ ಬರೆಸಬೇಕು. ಯಲ್ಲಾಪುರದ ಚೀಟಿಯಲ್ಲಿ ಬಲಗಾಲು, ಹುಬ್ಬಳ್ಳಿಯ ಕಡತದಲ್ಲಿ ಎಡಗಾಲು ಎಂದಾದರೆ ಅದೇ ಮುಂದೆ ತಕರಾರಿಗೆ ಮೂಲವಾಗುತ್ತದೆ.

ಈ ದಾಖಲಾತಿಗಾಗಿ ಚಿಕಿತ್ಸೆ ಕಾಯಬೇಕಿಲ್ಲ. ಪೊಲೀಸ್ ಪ್ರಕ್ರಿಯೆಗಿಂತ ಜೀವರಕ್ಷಣೆ ಮೊದಲೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆಗೂ ಅವಕಾಶವಿದೆ. ಅಡಿಕೆ ಮರದಿಂದ ಬಿದ್ದವರು ಈ ಯೋಜನೆಯ ವ್ಯಾಪ್ತಿಗೆ ಬಾರದ ಕಾರಣ, ವಿಮೆಗಾಗಲಿ ಪರಿಹಾರಕ್ಕಾಗಲಿ ಅವರ ಪಾಲಿಗೆ ಮೊದಲ ದಿನದ ಚೀಟಿ, ಎಕ್ಸ್‌ರೇ, ಔಷಧಿ ಬಿಲ್ಲುಗಳೇ ಆಧಾರ. ಮೈಮೇಲಿನ ಕಲೆ ಎರಡು ವಾರಕ್ಕೆ ಮಾಸಿದರೂ ಅದಿತ್ತೆಂದು ಹೇಳಲು ಉಳಿಯುವುದು ಆ ಕಾಗದಗಳಷ್ಟೇ.